ಮಿನುಗಿನಿಂದ ಆವೇಶದ ಅಳತೆ



ಆವೇಶವೆಂದೊಡನೆ ನಮ್ಮ ಮಕ್ಕಳ ಮನಸ್ಸಿಗೆ ಬರುವುದು ಮೈಮೇಲೆ ಬರುವ ದೈವ, ಇಲ್ಲವೇ ಸಿಟ್ಟಿನ ಭರ. ಪಠ್ಯದ ವಿದ್ಯುದಾವೇಶಕ್ಕೂ ಇದಕ್ಕೂ ಸಂಬಂಧವಿಲ್ಲ. ಮನೆಯಲ್ಲೊಂದು, ಪೇಟೆಯಲ್ಲೊಂದು ಭಾಷೆ ಕೇಳುವ ಗಡಿನಾಡಿನ ಮಗುವಿಗೆ ಪದದ ವ್ಯಾಖ್ಯೆಯಷ್ಟೇ ಸಾಲದು; ಆವೇಶವನ್ನು ಅಳೆಯುವ ಬಗೆಯನ್ನೂ ತೋರಿಸಬೇಕು. ಇದಕ್ಕೆ ವಿಶ್ವಕಿರಣಗಳು ಒಳ್ಳೆಯ ಉದಾಹರಣೆ.

1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ ಮೇಲೇರಿ ಗುರುತಿಸಿದ ಈ ಕಿರಣಗಳು ವಾಸ್ತವವಾಗಿ ಕಣಗಳು. ಹೆಚ್ಚಿನವು ಪ್ರೋಟಾನುಗಳು, ಉಳಿದವುಗಳಲ್ಲಿ ಹೀಲಿಯಂ, ಇಂಗಾಲ, ಕಬ್ಬಿಣ ಮೊದಲಾದವುಗಳ ನ್ಯೂಕ್ಲಿಯಸ್‌ಗಳಿವೆ. ಆವೇಶ ತಿಳಿದರೆ ಅದು ಯಾವ ಧಾತುವೆಂದು ತಿಳಿಯುತ್ತದೆ.

ಕಣವು ಸಿಂಟಿಲೇಟರ್ ಎಂಬ ಪ್ಲಾಸ್ಟಿಕ್ ಪಟ್ಟಿಯನ್ನು ದಾಟಿದಾಗ ಬೆಳಕು ಮಿನುಗುತ್ತದೆ. ಫೋಟೊಮಲ್ಟಿಪ್ಲೈಯರ್ ಆ ಮಿನುಗನ್ನು ವಿದ್ಯುತ್ ಸಂಕೇತವಾಗಿಸುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ 2015ರಲ್ಲಿ ಸೇರಿದ ಜಪಾನಿನ ಕ್ಯಾಲೆಟ್ ಉಪಕರಣದಲ್ಲಿ ಆವೇಶ ಅಳೆಯಲೆಂದೇ ಇಂತಹ ಪಟ್ಟಿಗಳ ಎರಡು ಪದರಗಳಿವೆ.

ಇಲ್ಲಿ ಮಕ್ಕಳನ್ನು ಕೇಳಿರಿ: ಒಂದೇ ವೇಗದ ಪ್ರೋಟಾನಿಗಿಂತ 36 ಪಟ್ಟು ಬೆಳಕು ಬಂದರೆ ಕಣದ ಆವೇಶವೆಷ್ಟು? ಹಲವರು 36 ಎಂದಾರು. ಸರಳ ನಿಯಮದಂತೆ ಉತ್ತರ 6, ಅಂದರೆ ಇಂಗಾಲ. ಹಾದುಹೋಗುವ ಕಣವು ಪ್ಲಾಸ್ಟಿಕ್ಕಿನ ಇಲೆಕ್ಟ್ರಾನನ್ನು ಎಳೆಯುವ ಬಲ ಅದರ ಆವೇಶದಂತೆ. ಇಲೆಕ್ಟ್ರಾನು ಪಡೆಯುವ ಸಂವೇಗವೂ ಹಾಗೆಯೇ. ಆದರೆ ಶಕ್ತಿ ಸಂವೇಗದ ವರ್ಗದಂತೆ ಏರುತ್ತದೆ. ಆದುದರಿಂದ ಹೀಲಿಯಂ 4 ಪಟ್ಟು, ಕಬ್ಬಿಣ 676 ಪಟ್ಟು ಶಕ್ತಿಯನ್ನು ಬಿಟ್ಟುಹೋಗುತ್ತದೆ.

ಶಕ್ತಿ ಅಷ್ಟು ಬಿದ್ದರೂ ಬೆಳಕು ಅಷ್ಟು ಬರುವುದಿಲ್ಲ. ಭಾರವಾದ ಕಣದ ದಾರಿಯಲ್ಲಿ ಅಯಾನುಗಳು ದಟ್ಟವಾಗಿ, ಶಕ್ತಿಯ ಒಂದು ಪಾಲು ಬೆಳಕಾಗದೆ ಶಾಖವಾಗುತ್ತದೆ. ಆದುದರಿಂದ ವಿಜ್ಞಾನಿಗಳು ಆವೇಶ ತಿಳಿದಿರುವ ನ್ಯೂಕ್ಲಿಯಸ್‌ಗಳನ್ನು ಹಾಯಿಸಿ ಉಪಕರಣವನ್ನು ಮೊದಲೇ ಒರೆಹಚ್ಚಿ, ಲೆಕ್ಕವನ್ನು ತಿದ್ದಿಕೊಳ್ಳುತ್ತಾರೆ.

ನೀಲಗಿರಿಯ ಬಂಧುಗಳಿಗೊಂದು ಮಾತು. ಊಟಿಯ ಗ್ರೇಪ್ಸ್-3 ಪ್ರಯೋಗಶಾಲೆಯಲ್ಲಿಯೂ ಸಿಂಟಿಲೇಟರುಗಳಿವೆ. ಆದರೆ ಅಲ್ಲಿಗೆ ತಲುಪುವುದು ಮೂಲ ಕಣವಲ್ಲ. ಅದು ವಾಯುಮಂಡಲಕ್ಕೆ ಬಡಿದು ಹುಟ್ಟಿಸಿದ ಕಣಗಳ ಸುರಿಮಳೆ. ಮೂಲ ಕಣದ ಆವೇಶವನ್ನು ನೇರವಾಗಿ ಅಳೆಯಲು ಗಾಳಿಯ ಹೊದಿಕೆಯ ಮೇಲಕ್ಕೇ ಹೋಗಬೇಕು. ಈ ಭೇದವನ್ನು ಮಕ್ಕಳಿಗೆ ತಪ್ಪದೆ ತಿಳಿಸಿರಿ.

ವರ್ಗವೇಕೆ, ಬೆಳಕು ಕಡಿಮೆಯಾದುದೇಕೆ ಎಂಬುದನ್ನು ಮಗು ಮೊದಲು ತನ್ನ ಮನೆಮಾತಿನಲ್ಲಿಯೇ ವಿವರಿಸಲಿ. ಕಾರಣ ಕೈಗೆ ಸಿಕ್ಕ ಮೇಲೆ ವಿದ್ಯುದಾವೇಶವೆಂಬ ಪದ ಅದರ ನಾಲಿಗೆಯಲ್ಲಿ ತಾನಾಗಿ ನಿಲ್ಲುತ್ತದೆ. ಕಾರಣವಿಲ್ಲದೆ ಕಲಿತ ಪದ ಪರೀಕ್ಷೆಯ ಮರುದಿನವೇ ಮರೆತುಹೋಗುತ್ತದೆ.