ಬೀಗ ತೆರೆಯಲಿ, ಪಾಠವೂ ತೆರೆಯಲಿ

(ಸಂಘದ ವಾರ್ಷಿಕ ಶಿಕ್ಷಕರ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)





ನಮ್ಮ ಶಾಲೆಗಳಿಗೆ ‘ಎಸ್ಕೇಪ್ ರೂಮ್ ಕಿಟ್’ಗಳನ್ನು ಕೊಳ್ಳಬೇಕೇ, ಕೊಂಡರೆ ಯಾವುದನ್ನು ಕೊಳ್ಳಬೇಕು, ತರಗತಿಯಲ್ಲಿ ಹೇಗೆ ಬಳಸಬೇಕು ಎಂಬುದರ ಬಗ್ಗೆ ಮಾತನಾಡುವಂತೆ ಕಾರ್ಯದರ್ಶಿಗಳು ಕೇಳಿಕೊಂಡಿದ್ದಾರೆ. ಸಂಘದ ಹಣವೆಂದರೆ ದಾನಿಗಳು ನಂಬಿ ಕೊಟ್ಟ ಅಮಾನತ್. ಮಕ್ಕಳ ಒಂದು ಪೀರಿಯಡ್ ಕೂಡ ಹಾಗೆಯೇ. ಎರಡರಲ್ಲಿ ಯಾವುದೂ ವ್ಯರ್ಥವಾಗಬಾರದು. ಆದ್ದರಿಂದ ಕಿಟ್‌ನ ಗುಣಗಾನ ಮಾಡುವ ಬದಲು ನಾನು ಕಂಡದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಈ ಆಟ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. 2007ರಲ್ಲಿ ಜಪಾನಿನ ಕ್ಯೋಟೊ ನಗರದಲ್ಲಿ ತಕಾವೊ ಕಾಟೊ ಎಂಬವರು ‘ರಿಯಲ್ ಎಸ್ಕೇಪ್ ಗೇಮ್’ ಎಂಬ ಹೆಸರಿನಲ್ಲಿ ಇದನ್ನು ಆರಂಭಿಸಿದರು. ಕೆಲವರು ಒಂದು ಕೋಣೆಯೊಳಗೆ ಸೇರಿ, ಅಲ್ಲಿ ಅಡಗಿಸಿಟ್ಟ ಸುಳಿವುಗಳನ್ನು ಹುಡುಕಿ, ಒಗಟುಗಳನ್ನು ಬಿಡಿಸಿ, ಗೊತ್ತುಪಡಿಸಿದ ಸಮಯದೊಳಗೆ ಹೊರಬರುವ ಆಟ ಅದು. ಅಮೆರಿಕದ ಕೆಲವು ಶಿಕ್ಷಕರು ಇದನ್ನು ತರಗತಿಗೆ ಒಗ್ಗಿಸಿದರು. 2015ರ ಸುಮಾರಿಗೆ ‘ಬ್ರೇಕ್‌ಔಟ್ ಇಡಿಯು’ ಎಂಬ ಸಂಸ್ಥೆ ಶಾಲೆಗಳಿಗೆಂದೇ ಕಿಟ್ ತಯಾರಿಸಿತು. ಅಲ್ಲಿ ಮಕ್ಕಳು ಕೋಣೆಯಿಂದ ತಪ್ಪಿಸಿಕೊಳ್ಳಬೇಕಾಗಿಲ್ಲ, ಪೆಟ್ಟಿಗೆ ತೆರೆಯಬೇಕು. ಒಂದು ಪೆಟ್ಟಿಗೆ, ಹಲವು ಬೀಗಗಳನ್ನು ಒಟ್ಟಿಗೆ ಹಾಕಬಹುದಾದ ಒಂದು ಕೊಂಡಿ, ಅಂಕಿಯ ಬೀಗ, ಅಕ್ಷರದ ಬೀಗ, ದಿಕ್ಕಿನ ಬೀಗ, ಕಣ್ಣಿಗೆ ಕಾಣದ ಶಾಯಿಯ ಪೆನ್ನು, ಆ ಬರಹವನ್ನು ತೋರಿಸುವ ನೇರಳಾತೀತ ಟಾರ್ಚ್, ಸುಳಿವು ಕೇಳುವ ಚೀಟಿಗಳು. ಕಿಟ್ ಎಂದರೆ ಇಷ್ಟೆ.

ಇನ್ನು ನನ್ನ ಮೊದಲ ಅನುಭವ. ಎರವಲು ತಂದ ಒಂದು ಕಿಟ್‌ನೊಂದಿಗೆ ನಾನು ಎಂಟನೆಯ ತರಗತಿಗೆ ಹೋದೆ. ನಲವತ್ತೆರಡು ಮಕ್ಕಳು, ಒಂದೇ ಪೆಟ್ಟಿಗೆ. ಚುರುಕಿನ ನಾಲ್ಕು ಹುಡುಗರು ಮೇಜನ್ನು ಮುತ್ತಿಕೊಂಡರು. ಅವರಲ್ಲೊಬ್ಬ ಒಗಟು ಬಿಡಿಸುವ ಗೋಜಿಗೇ ಹೋಗಲಿಲ್ಲ. ಬೀಗದ ಕೊಕ್ಕೆಯನ್ನು ಎಳೆದು ಹಿಡಿದು, ಅಂಕಿಯ ಚಕ್ರಗಳನ್ನು ಮೆಲ್ಲನೆ ತಿರುಗಿಸಿ, ಎಲ್ಲಿ ಬಿಗಿಯಾಗುತ್ತದೆ ಎಂದು ಬೆರಳಿನಲ್ಲೇ ಗುರುತಿಸಿ ತೆರೆದುಬಿಟ್ಟ. ಅಗ್ಗದ ಬೀಗಗಳಲ್ಲಿ ಇದು ಸಾಧ್ಯ. ತರಗತಿ ಚಪ್ಪಾಳೆ ತಟ್ಟಿತು. ನಾನೂ ಸಂತೋಷಪಟ್ಟೆ. ಮರುದಿನ ಅದೇ ಪಾಠದ ಪ್ರಶ್ನೆ ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಟೀಚರ್, ನಮಗೆ ಪೆಟ್ಟಿಗೆ ಕಾಣಿಸಲೇ ಇಲ್ಲ” ಎಂದಳು.

ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಕಿಟ್ ಕೊಳ್ಳುವ ಮೊದಲು ನಾವು ಕೇಳಬೇಕಾದ ಪ್ರಶ್ನೆಗಳೆಲ್ಲ ಆ ಒಂದು ಮಾತಿನಲ್ಲಿವೆ.

ಮೊದಲ ಪ್ರಶ್ನೆ: ಈ ಕಿಟ್ ಎಷ್ಟು ಜನರಿಗಾಗಿ ಮಾಡಿದ್ದು? ಅಂಗಡಿಗಳಲ್ಲಿ ಸಿಗುವ ಅನೇಕ ಎಸ್ಕೇಪ್ ಆಟಗಳು ಮನೆಮಂದಿಗಾಗಿ ಮಾಡಿದವು. 2016ರಲ್ಲಿ ಬಂದ ಜರ್ಮನಿಯ ‘ಎಕ್ಸಿಟ್’ ಆಟವನ್ನೇ ನೋಡಿ. ಅದಕ್ಕೆ ಪ್ರಶಸ್ತಿಯೂ ಬಂದಿದೆ. ಆದರೆ ಅದು ಕೆಲವೇ ಮಂದಿ ಆಡುವ ಆಟ, ಅದರ ಹಾಳೆಗಳನ್ನು ಆಡುವಾಗಲೇ ಕತ್ತರಿಸಿ, ಮಡಚಿ, ಗೀಚಬೇಕಾಗುತ್ತದೆ. ಒಮ್ಮೆ ಆಡಿದರೆ ಮುಗಿಯಿತು. ಮನೆಗೆ ಒಳ್ಳೆಯದು, ನಲವತ್ತು ಮಕ್ಕಳ ತರಗತಿಗೆ ಆಗದು.

ಎರಡನೆಯದು: ಮತ್ತೆ ಮತ್ತೆ ಬಳಸಬಹುದೇ? ಬೀಗದ ಅಂಕಿಯನ್ನು ನಾವೇ ಬದಲಿಸುವಂತಿರಬೇಕು. ಬದಲಿಸಲಾಗದ ಬೀಗವಾದರೆ ‘ಎ’ ವಿಭಾಗದ ಮಕ್ಕಳು ಊಟದ ವಿರಾಮದಲ್ಲಿ ‘ಬಿ’ ವಿಭಾಗಕ್ಕೆ ಉತ್ತರ ಹೇಳಿಬಿಡುತ್ತಾರೆ.

ಮೂರನೆಯದು: ನಮ್ಮ ಭಾಷೆಗೆ, ನಮ್ಮ ಪಠ್ಯಕ್ಕೆ ಹೊಂದುತ್ತದೆಯೇ? ಅಕ್ಷರದ ಬೀಗಗಳಲ್ಲಿರುವುದು ಇಂಗ್ಲಿಷ್ ಅಕ್ಷರ. ಕನ್ನಡ ಮಾಧ್ಯಮದ ಮಗುವಿಗೆ ಅಲ್ಲಿ ಪಾಠಕ್ಕಿಂತ ಕಾಗುಣಿತವೇ ಅಡ್ಡಿಯಾಗುತ್ತದೆ. ಆದರೆ ನಮ್ಮ ವರ್ಣಮಾಲೆ ನಮಗೊಂದು ಸೊಗಸಾದ ದಾರಿ ಕೊಟ್ಟಿದೆ. ವರ್ಗೀಯ ವ್ಯಂಜನಗಳು ಇಪ್ಪತ್ತೈದು, ಐದು ಸಾಲು, ಸಾಲಿಗೆ ಐದು. ಮೊದಲ ಅಂಕಿ ಸಾಲಿನದು, ಎರಡನೆಯದು ಸಾಲಿನಲ್ಲಿ ಅಕ್ಷರದ ಸ್ಥಾನ. ‘ಕ’ 11, ‘ಮ’ 55. ಮಂಜುಗಡ್ಡೆ ವಸ್ತುವಿನ ಯಾವ ಸ್ಥಿತಿ ಎಂಬ ಪ್ರಶ್ನೆಗೆ ಉತ್ತರ ‘ಘನ’. ‘ಘ’ 14, ‘ನ’ 45. ಹಾಗಾದರೆ ಬೀಗದ ಅಂಕಿ 1445. ಇದಕ್ಕೆ ಹೊರದೇಶದ ಕಿಟ್ ಬೇಕಾಗಿಲ್ಲ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು: ಪಾಠ ತಿಳಿಯದೆ ಬೀಗ ತೆರೆಯಬಹುದೇ? ತೆರೆಯಬಹುದಾದರೆ ಆ ಒಗಟು ನಮಗೆ ಬೇಡ. ಇದನ್ನು ಲೆಕ್ಕ ಹಾಕಿಯೂ ನೋಡಬಹುದು. ಮೂರು ಅಂಕಿಯ ಬೀಗಕ್ಕೆ 1,000 ಸಾಧ್ಯತೆಗಳು. ಒಂದೊಂದಕ್ಕೆ ಮೂರು ಸೆಕೆಂಡು ಹಿಡಿದರೆ ಎಲ್ಲವನ್ನೂ ಮುಗಿಸಲು 50 ನಿಮಿಷ, ಸರಾಸರಿ 25 ನಿಮಿಷದಲ್ಲೇ ತೆರೆಯುತ್ತದೆ. ಅಂದರೆ ಏನನ್ನೂ ಓದದೆ ಒಂದು ಪೀರಿಯಡ್‌ನೊಳಗೆ ತೆರೆಯುವ ಸಂಭವ ಸಾಕಷ್ಟಿದೆ. ನಾಲ್ಕು ಅಂಕಿಯಾದರೆ 10,000 ಸಾಧ್ಯತೆಗಳು, ಎಲ್ಲಕ್ಕೂ ಎಂಟು ಗಂಟೆಗೂ ಹೆಚ್ಚು. ಆದ್ದರಿಂದ ನಾಲ್ಕು ಅಂಕಿಯ, ಎಳೆದರೆ ಸುಳಿವು ಕೊಡದ ಗಟ್ಟಿ ಬೀಗವನ್ನೇ ಆರಿಸಿ. ಅಂಗಡಿಯಲ್ಲೇ ಎಳೆದು, ತಿರುಗಿಸಿ ಪರೀಕ್ಷಿಸಿ.

ಇನ್ನು ಬಳಸುವ ಕ್ರಮ. ಶೇಕಡಾವಾರು ಲೆಕ್ಕದ ಪಾಠವೆಂದು ಇಟ್ಟುಕೊಳ್ಳಿ. 3,10,000 ರೂಪಾಯಿಗೆ ಶೇಕಡಾ 2.5ರಂತೆ ಝಕಾತ್ ಎಷ್ಟು? ಸರಿಯುತ್ತರ 7,750. ಬೀಗ ತೆರೆಯುತ್ತದೆ. ಶೇಕಡಾ 2 ಎಂದು ಲೆಕ್ಕ ಹಾಕಿದ ಮಗುವಿಗೆ 6,200 ಬರುತ್ತದೆ, ಬೀಗ ಅಲುಗುವುದಿಲ್ಲ. ದಶಾಂಶ ಬಿಂದು ಮರೆತವನಿಗೆ 77,500 ಬರುತ್ತದೆ, ಐದು ಅಂಕಿ ಬೀಗದಲ್ಲಿ ಹಿಡಿಸುವುದೇ ಇಲ್ಲ. ತಪ್ಪು ಮಾಡಿದ ಮಗುವನ್ನು ಬೀಗ ಗದರಿಸುವುದಿಲ್ಲ, ಇತರರ ಮುಂದೆ ನಾಚಿಸುವುದೂ ಇಲ್ಲ. ತೆರೆಯುವುದಿಲ್ಲ, ಅಷ್ಟೆ. ಮಗು ತಾನಾಗಿ ಹಿಂತಿರುಗಿ ಲೆಕ್ಕ ನೋಡುತ್ತದೆ. ನಮ್ಮ ಮುಖ ಕಂಡರೆ ಹೆದರುವ ಮಕ್ಕಳೂ ಬೀಗಕ್ಕೆ ಹೆದರುವುದಿಲ್ಲ. ಈ ಆಟದಲ್ಲಿ ನನಗೆ ಕಂಡ ದೊಡ್ಡ ಗುಣ ಇದುವೇ.

ತರಗತಿಯನ್ನು ಐದಾರು ಮಕ್ಕಳ ಗುಂಪುಗಳಾಗಿ ಮಾಡಿ. ಪ್ರತಿ ಗುಂಪಿಗೂ ಒಂದು ಪೆಟ್ಟಿಗೆ ಇರಲಿ. ಪಾದರಕ್ಷೆಯ ಖಾಲಿ ಪೆಟ್ಟಿಗೆಯಾದರೂ ಸಾಕು. ಬೀಗಗಳು ಸಾಲದಿದ್ದರೆ ಒಬ್ಬ ವಿದ್ಯಾರ್ಥಿ ‘ಬೀಗ’ವಾಗಲಿ. ಸರಿಯುತ್ತರದ ಚೀಟಿ ಅವನ ಕೈಯಲ್ಲಿರುತ್ತದೆ, ಸರಿಯಾದ ಅಂಕಿ ಹೇಳಿದವರಿಗೆ ಮುಂದಿನ ಲಕೋಟೆ ಕೊಡುತ್ತಾನೆ. ಗುಂಪಿನಲ್ಲಿ ಓದುವವರು, ಬರೆಯುವವರು, ಲೆಕ್ಕ ಪರೀಕ್ಷಿಸುವವರು, ಬೀಗ ತಿರುಗಿಸುವವರು, ಸಮಯ ನೋಡುವವರು ಎಂದು ಕೆಲಸ ಹಂಚಿ, ಪ್ರತಿ ಒಗಟಿಗೂ ಬದಲಿಸಿ. ಹಿಂದಿನ ಬೆಂಚಿನ ಆ ಹುಡುಗಿಯ ಕೈಗೂ ಬೀಗ ಬರಲೇಬೇಕು. ಐದು ನಿಮಿಷ ಒಂದೇ ಕಡೆ ತೊಡಕಿದ ಗುಂಪಿಗೆ ಸುಳಿವು ಕೊಡಿ. ಕೆಂಪು, ಹಸಿರು ಬಣ್ಣಗಳನ್ನು ಬೇರ್ಪಡಿಸಲಾರದ ಮಕ್ಕಳಿರುತ್ತಾರೆ, ಆದ್ದರಿಂದ ಬಣ್ಣವೊಂದನ್ನೇ ನಂಬಿದ ಒಗಟು ಬೇಡ. ನೇರಳಾತೀತ ಟಾರ್ಚನ್ನು ಯಾರ ಕಣ್ಣಿಗೂ ಹಿಡಿಯಬಾರದು.

ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಐದು ನಿಮಿಷ ವಿವರಣೆ, ಇಪ್ಪತ್ತು ನಿಮಿಷ ಆಟ, ಉಳಿದ ಹದಿನೈದು ನಿಮಿಷ ಮಾತುಕತೆ. ಆಟ ಚೆನ್ನಾಗಿ ನಡೆದಾಗ ಈ ಹದಿನೈದು ನಿಮಿಷವನ್ನು ನುಂಗಲು ಬಿಡಬೇಡಿ. ಯಾವ ದಾರಿಯಿಂದ ಉತ್ತರ ಸಿಕ್ಕಿತು, ಎಲ್ಲಿ ಎಡವಿದಿರಿ, ಏಕೆ ಎಡವಿದಿರಿ ಎಂದು ಕೇಳಿ. ಪಾಠ ಗಟ್ಟಿಯಾಗುವುದು ಅಲ್ಲಿ. ನನ್ನ ಮೊದಲ ದಿನ ನಾನು ಚಪ್ಪಾಳೆಯೊಂದಿಗೆ ತರಗತಿ ಮುಗಿಸಿದ್ದೆ. ತಪ್ಪಿದ್ದು ಅಲ್ಲಿಯೇ.

ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದೆ ಹೋಗಲಾರೆ. 2019ರ ಜನವರಿಯಲ್ಲಿ ಪೋಲೆಂಡಿನ ಕೊಶಾಲಿನ್ ಪಟ್ಟಣದಲ್ಲಿ ಹದಿನೈದು ವರ್ಷದ ಐವರು ಹುಡುಗಿಯರು ಹುಟ್ಟುಹಬ್ಬವೆಂದು ಒಂದು ಎಸ್ಕೇಪ್ ರೂಮಿಗೆ ಆಡಲು ಹೋದರು. ಬೆಂಕಿ ಹತ್ತಿಕೊಂಡಿತು. ಹೊರಬರಲಾಗದೆ ವಿಷಗಾಳಿ ಸೇವಿಸಿ ಐವರೂ ತೀರಿಕೊಂಡರು. ನಮ್ಮ ಒಂಬತ್ತನೆಯ, ಹತ್ತನೆಯ ತರಗತಿಯ ಹುಡುಗಿಯರ ವಯಸ್ಸು. ಬೀಗ ಪೆಟ್ಟಿಗೆಗಿರಲಿ, ಬಾಗಿಲಿಗೆ ಬೇಡ. ತಮಾಷೆಗೂ ಬೇಡ. ಆಟ ನಡೆಯುವಾಗ ತರಗತಿಯ ಬಾಗಿಲು ತೆರೆದಿರಲಿ, ದಾರಿಯಲ್ಲಿ ಬೆಂಚು, ಚೀಲಗಳು ಇರದಿರಲಿ.

ವಿದ್ಯಾರ್ಥಿಗಳೇ, ಇದು ನಿಮಗೆ ಹೊರಗಿನಿಂದ ಬಂದ ಹೊಸ ಆಟವೆನಿಸಬಹುದು. ಒಂಬತ್ತನೆಯ ಶತಮಾನದ ಬಾಗ್ದಾದಿನ ಅಲ್‌ಕಿಂದಿ, ಗುಪ್ತ ಬರಹದಲ್ಲಿ ಯಾವ ಚಿಹ್ನೆ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಅದನ್ನು ಬಿಡಿಸುವ ವಿಧಾನವನ್ನು ಬರೆದಿಟ್ಟರು. ಅಲ್‌ಜಝರಿ 1206ರಲ್ಲಿ ಮುಗಿಸಿದ ಯಂತ್ರಗಳ ಗ್ರಂಥದಲ್ಲಿ, ನಾಲ್ಕು ಬಿಲ್ಲೆಗಳನ್ನು ತಿರುಗಿಸಿ ತೆರೆಯುವ ಬೀಗವನ್ನು ವಿವರಿಸಿದ್ದಾರೆ. ಬೀಗಿ ಮೆರೆಯಲು ಇದನ್ನು ಹೇಳುತ್ತಿಲ್ಲ. ಅವರು ಎಣಿಸಿ, ಅಳೆದು, ಮಾಡಿ ನೋಡಿದರು. ಸಿದ್ಧ ಕಿಟ್‌ಗಾಗಿ ಕಾಯಲಿಲ್ಲ. ನೀವೂ ಕನ್ನಡದ ಒಂದು ಪುಟವನ್ನು ತೆಗೆದುಕೊಂಡು ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಎಣಿಸಿ ನೋಡಿ. ಮುಂದಿನ ಒಗಟನ್ನು ನೀವೇ ಕಟ್ಟಿ, ಕಿರಿಯ ತರಗತಿಗೆ ಕೊಡಿ. ಒಗಟು ಬಿಡಿಸುವವರಿಗಿಂತ ಕಟ್ಟುವವರೇ ಪಾಠವನ್ನು ಹೆಚ್ಚು ಓದಬೇಕಾಗುತ್ತದೆ.

ಕೊನೆಯದಾಗಿ ಸಂಘಕ್ಕೆ ನನ್ನ ಸಲಹೆ. ಪ್ರತಿ ಶಾಲೆಗೂ ದುಬಾರಿ ಕಿಟ್ ಬೇಡ. ಅಂಕಿ ಬದಲಿಸಬಹುದಾದ ಗಟ್ಟಿ ಬೀಗಗಳ ಒಂದೇ ಗಂಟನ್ನು ಕೊಂಡು ಶಾಲೆಯಿಂದ ಶಾಲೆಗೆ ಸರದಿಯಲ್ಲಿ ಕಳುಹಿಸಿ. ಉಳಿದ ಹಣದಲ್ಲಿ ವರ್ಷಕ್ಕೆರಡು ದಿನ ಶಿಕ್ಷಕರನ್ನು ಒಂದೆಡೆ ಸೇರಿಸಿ, ನಮ್ಮ ಪಠ್ಯಪುಸ್ತಕವನ್ನು ಮುಂದಿಟ್ಟುಕೊಂಡು ಒಗಟುಗಳನ್ನು ಬರೆಯಿಸಿ. ಬೀಗ ಹಳೆಯದಾಗಿ ತುಕ್ಕು ಹಿಡಿದರೂ ಆ ಒಗಟುಗಳು ನಮ್ಮಲ್ಲಿ ಉಳಿಯುತ್ತವೆ. ಕೊಳ್ಳುವ ದಿನ ಒಂದು ಮಾತನ್ನು ಮಾತ್ರ ನೆನಪಿಡಿ: ಹಿಂದಿನ ಬೆಂಚಿಗೆ ಈ ಪೆಟ್ಟಿಗೆ ಕಾಣಿಸುತ್ತದೆಯೇ?

ನಮ್ಮ ಮಕ್ಕಳ ಜ್ಞಾನವನ್ನು ಅಲ್ಲಾಹನು ಹೆಚ್ಚಿಸಲಿ, ನಮ್ಮ ಪ್ರಯತ್ನವನ್ನು ಸ್ವೀಕರಿಸಲಿ. ಆಮೀನ್.