ಬೀರುವಿನಲ್ಲಿರೋ ರಿವಾಲ್ವರ್‌ಗೆ ಪಾಸ್ ಮಾರ್ಕ್ಸ್ ಎಷ್ಟು?

ಇವತ್ತಿನ ವಿಷಯ ರಿವಾಲ್ವರ್. ಸಿನಿಮಾದಲ್ಲಿ ಹೀರೋ ಸೊಂಟದಿಂದ ತೆಗೆಯೋದಲ್ಲ. ಮಲೆನಾಡಿನ ಕೆಲವು ಎಸ್ಟೇಟ್ ಮನೆಗಳ ಬೀರುವಿನಲ್ಲಿ, ಲೈಸೆನ್ಸ್ ಪುಸ್ತಕದ ಜೊತೆ ಬಟ್ಟೆ ಸುತ್ತಿ ಇಟ್ಟಿರ್ತಾರಲ್ಲ, ಆ .32 ರಿವಾಲ್ವರ್. ಚುನಾವಣೆ ಬಂದರೆ ಪೊಲೀಸ್ ಠಾಣೆಗೆ ಕೊಟ್ಟು ಬರ್ತಾರೆ, ಫಲಿತಾಂಶ ಮುಗಿದ ಮೇಲೆ ವಾಪಸ್ ತರ್ತಾರೆ. ಎಷ್ಟೋ ಗನ್‌ಗಳು ಮನೆಯಿಂದ ಹೊರಗೆ ಬರೋದು ಅಷ್ಟಕ್ಕೇ.

ಆತ್ಮರಕ್ಷಣೆಗೆ ಅಂತ ಇಟ್ಟುಕೊಂಡಿದ್ದೀವಿ ಅಂತಾರೆ. ಸರಿ. ಆದರೆ ಹೊಡೆಯೋಕೆ ಬರುತ್ತಾ? ಬರುತ್ತೆ ಅಂದರೆ, ಎಷ್ಟು ದೂರಕ್ಕೆ? ಹತ್ತರಲ್ಲಿ ಎಷ್ಟು? ಕೊನೆಗೆ ಪರೀಕ್ಷೆ ಮಾಡಿದ್ದು ಯಾವಾಗ? ನಾನು ಬಿ.ಕಾಂ ಓದಿದವನು. ಲೆಕ್ಕ ಬರೆದಿಲ್ಲ ಅಂದರೆ ಲಾಭ ಆಯ್ತು ಅನ್ನೋ ಮಾತನ್ನ ನಂಬಲ್ಲ. ಇವತ್ತು ಮಾತಾಡೋದು ಆ ಲೆಕ್ಕದ ಬಗ್ಗೆ.

ಮೊದಲು ಕಾನೂನು. 2016ರ ಆರ್ಮ್ಸ್ ರೂಲ್ಸ್ ಬಂದ ಮೇಲೆ ಹೊಸದಾಗಿ ಲೈಸೆನ್ಸ್ ಕೇಳೋರು ಸುರಕ್ಷತಾ ತರಬೇತಿಯ ಸರ್ಟಿಫಿಕೇಟ್ ತರಬೇಕು. ನಮ್ಮ ಜಿಲ್ಲೆಗಳಲ್ಲಿ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ಮಾಡೋದನ್ನ ಪೇಪರ್‌ನಲ್ಲಿ ನೋಡಿರ್ತೀರ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್‌ನಿಂದಲೇ ವಿನಾಯಿತಿ ಇದೆ, ಅದು 2029ರವರೆಗೆ ಮುಂದುವರಿದಿದೆ. ಇದೆಲ್ಲ ಗನ್ ಇಟ್ಟುಕೊಳ್ಳೋ ಹಕ್ಕಿನ ಮಾತು. ನಿಮ್ಮ ಗುರಿ ಇವತ್ತು ಹೇಗಿದೆ ಅಂತ ಯಾರೂ ತಿಂಗಳು ತಿಂಗಳು ಬಂದು ಕೇಳಲ್ಲ. ಅದನ್ನ ಇಟ್ಟುಕೊಂಡವರೇ ಕೇಳಿಕೊಳ್ಳಬೇಕು.

ಈಗ ಸಣ್ಣ ರಿವಾಲ್ವರ್ ಯಾಕೆ ಕಷ್ಟ ಅಂತ ನೋಡೋಣ. ಚಿಕ್ಕದು, ಹಾಗಾಗಿ ಸುಲಭ ಅಂತ ತುಂಬಾ ಜನ ಅಂದುಕೊಳ್ತಾರೆ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯಿಂದ ‘ನಿರ್ಭೀಕ್’ ಬಂತು. ಸುಮಾರು 500 ಗ್ರಾಂ ತೂಕ, ಹೆಂಗಸರ ಪರ್ಸ್‌ನಲ್ಲಿ ಹಿಡಿಸುತ್ತೆ ಅಂತ ಪ್ರಚಾರ ಮಾಡಿದ್ರು. ಆಗ ಬೆಲೆ 1.22 ಲಕ್ಷ ರೂಪಾಯಿ ಇತ್ತು. ಅಷ್ಟೊಂದು ಬೆಲೆ ಯಾಕೆ ಅಂತ ದೊಡ್ಡ ಚರ್ಚೆ ಆಯ್ತು. ಗುರಿ ಕಲಿಯೋದು ಹೇಗೆ ಅನ್ನೋ ಮಾತು ಅಷ್ಟು ಕೇಳಲಿಲ್ಲ.

ತೊಂದರೆ ಎರಡು. ಮೊದಲನೆಯದು ಟ್ರಿಗರ್. ಹ್ಯಾಮರ್ ಎಳೆಯದೆ ನೇರವಾಗಿ ಟ್ರಿಗರ್ ಒತ್ತೋದಕ್ಕೆ ಡಬಲ್ ಆಕ್ಷನ್ ಅಂತಾರೆ. ಸಣ್ಣ ರಿವಾಲ್ವರ್‌ಗಳಲ್ಲಿ ಈ ಎಳೆತ ಸುಮಾರು 5 ಕೆಜಿ ಇರುತ್ತೆ. ಅರ್ಧ ಕೆಜಿ ತೂಕದ ವಸ್ತುವನ್ನ ಕೈಯಲ್ಲಿ ಹಿಡಿದು, ಅದರ ಮೇಲೆ 5 ಕೆಜಿ ಬಲ ಹಾಕಬೇಕು, ಆದರೆ ಅದು ಅಲುಗಾಡಬಾರದು. ಮನೆಯಲ್ಲಿ ಒಂದು ಚೊಂಬು ನೀರು ಹಿಡ್ಕೊಂಡು ಯೋಚನೆ ಮಾಡಿ.

ಎರಡನೆಯದು ನಳಿಕೆ ಗಿಡ್ಡ, ಹಾಗಾಗಿ ಮುಂದಿನ ಮತ್ತು ಹಿಂದಿನ ಗುರಿಕಾಣಿಗಳ ಅಂತರವೂ ಕಡಿಮೆ. ಆ ಅಂತರ 10 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಮುಂದಿನ ಗುರಿಕಾಣಿ ಬರೀ 1 ಮಿ.ಮೀ. ಆಚೀಚೆ ಆದರೆ 3 ಮೀಟರ್‌ನಲ್ಲಿ ಗುಂಡು 3 ಸೆಂ.ಮೀ. ತಪ್ಪುತ್ತೆ. 7 ಮೀಟರ್‌ನಲ್ಲಿ 7 ಸೆಂ.ಮೀ. 15 ಮೀಟರ್‌ನಲ್ಲಿ 15 ಸೆಂ.ಮೀ. ಕೈ ನಡುಗಿದರೆ 1 ಮಿ.ಮೀ.ಗೆ ನಿಲ್ಲುತ್ತಾ?

ಹಾಗಾದರೆ ಸ್ಟ್ಯಾಂಡರ್ಡ್ ಹೇಗೆ ಇಡೋದು? ಗುಂಡು ದುಬಾರಿ, ಲೈಸೆನ್ಸ್‌ನಲ್ಲಿ ಬರೆದಷ್ಟೇ ಸಿಗೋದು. ದಿನಕ್ಕೆ ನೂರು ಗುಂಡು ಹೊಡೆಯೋ ಅಮೆರಿಕದ ಯೂಟ್ಯೂಬ್ ನೋಡಿ ನಾವು ಟೈಮ್‌ಟೇಬಲ್ ಹಾಕೋಕೆ ಆಗಲ್ಲ. ನಾನು ಮತ್ತು ನನ್ನ ದೊಡ್ಡಪ್ಪ ಸೇರಿ ಬರೆದದ್ದು 12 ಗುಂಡಿನ ಪರೀಕ್ಷೆ. ಎರಡು ತಿಂಗಳಿಗೊಮ್ಮೆ, ಅನುಮತಿ ಇರೋ ರೇಂಜ್‌ನಲ್ಲಿ ಮಾತ್ರ.

ಮೊದಲ 6 ಗುಂಡು 3 ಮೀಟರ್‌ನಿಂದ, ಎ4 ಹಾಳೆಯನ್ನ ಮಧ್ಯಕ್ಕೆ ಮಡಚಿದರೆ ಎಷ್ಟಾಗುತ್ತೋ ಅಷ್ಟರ ಮೇಲೆ. ಮುಂದಿನ 6 ಗುಂಡು 7 ಮೀಟರ್‌ನಿಂದ, ಪೂರ್ತಿ ಎ4 ಹಾಳೆ ಮೇಲೆ. ಎಲ್ಲ ಡಬಲ್ ಆಕ್ಷನ್. ಪಾಸ್ ಮಾರ್ಕ್ಸ್ 12ಕ್ಕೆ 12. ವಾರ್ಮ್‌ಅಪ್ ಇಲ್ಲ. ಆ ದಿನದ ಮೊದಲ ಗುಂಡೇ ಲೆಕ್ಕಕ್ಕೆ. ಕಳ್ಳ ಬಂದಾಗ ಯಾರೂ ನಿಮಗೆ ವಾರ್ಮ್‌ಅಪ್‌ಗೆ ಟೈಮ್ ಕೊಡಲ್ಲ. ಸ್ಟಾಪ್‌ವಾಚ್ ಮೊದಲು ಬೇಡ. ಮೂರು ಸಲ ಸತತವಾಗಿ 12 ಬಂದ ಮೇಲೆ ಮಾತ್ರ ಟೈಮ್ ನೋಡೋದು.

12ಕ್ಕೆ 12 ಅಂದರೆ ಜಾಸ್ತಿ ಆಯ್ತಲ್ಲ, 35 ಬಂದರೆ ಪಾಸ್ ಅಲ್ವಾ ಅಂತ ಕೇಳಬಹುದು. ಪರೀಕ್ಷೆಯಲ್ಲಿ ತಪ್ಪು ಉತ್ತರ ಪೇಪರ್ ಮೇಲೇ ಇರುತ್ತೆ. ತಪ್ಪಿದ ಗುಂಡು ಇನ್ನೆಲ್ಲೋ ಹೋಗುತ್ತೆ. ಎಸ್ಟೇಟ್‌ನಲ್ಲಿ ಮನೆ ಹಿಂದೆ ಲೈನ್ ಮನೆಗಳಿರ್ತವೆ, ಮಕ್ಕಳು ಮಲಗಿರ್ತಾರೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮರಕ್ಷಣೆಯ ಹಕ್ಕು 34ರಿಂದ 44ನೇ ಸೆಕ್ಷನ್‌ವರೆಗೆ ಇದೆ, ಆದರೆ ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡೋ ಹಕ್ಕಿಲ್ಲ ಅಂತ 37ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತೆ. ಪೊಲೀಸರ ಹತ್ತಿರ ಹೋಗೋಕೆ ಸಮಯ ಇದ್ದರೆ ಆ ಹಕ್ಕೇ ಇಲ್ಲ.

ದೊಡ್ಡಪ್ಪನ ವಿಷಯ ಹೇಳ್ತೀನಿ, ಅವರ ಒಪ್ಪಿಗೆ ತಗೊಂಡೇ. ಸಕಲೇಶಪುರದ ಕಡೆ ಸಣ್ಣ ಕಾಫಿ ತೋಟ. ಹಿಂದೆ ಶನಿವಾರದ ಬಟವಾಡೆಗೆ ಬ್ಯಾಂಕಿನಿಂದ ನಗದು ತರಬೇಕಿತ್ತು, ಆ ಕಾಲದಲ್ಲಿ ತಗೊಂಡ ರಿವಾಲ್ವರ್. ಈಗ 68 ವರ್ಷ. ‘ನಂದೇನೋ ಪರೀಕ್ಷೆ ಮಾಡ್ತೀಯಾ? ನಾನು ಹೊಡೆದಿದ್ದು ಯಾವತ್ತೂ ತಪ್ಪಿಲ್ಲ’ ಅಂದ್ರು. ರೇಂಜ್‌ನಲ್ಲಿ ಹೆಬ್ಬೆರಳಿನಿಂದ ಹ್ಯಾಮರ್ ಎಳೆದು, ನಿಧಾನಕ್ಕೆ ಹೊಡೆದು, 12ಕ್ಕೆ 12 ತೋರಿಸಿದ್ರು. ನಿಜವಾಗ್ಲೂ ಚೆನ್ನಾಗಿತ್ತು.

ಆದರೆ ಹ್ಯಾಮರ್ ಎಳೆದ ಮೇಲೆ ಟ್ರಿಗರ್ ತುಂಬಾ ಹಗುರ. ಭಯದಲ್ಲಿ, ಕತ್ತಲಲ್ಲಿ, ಬೆವರಿದ ಬೆರಳು ತಾಗಿದರೂ ಸಿಡಿಯುತ್ತೆ. ‘ದೊಡ್ಡಪ್ಪ, ಒಂದ್ಸಲ ಹ್ಯಾಮರ್ ಎಳೀದೆ ಹೊಡೀರಿ’ ಅಂದೆ. 12ಕ್ಕೆ 7 ಬಂತು. ಹಾಳೆಯ ಹತ್ತಿರ ಹೋಗಿ ತೂತುಗಳನ್ನ ಎರಡು ಸಲ ಎಣಿಸಿದ್ರು. ಆಮೇಲೆ ಕೇಳಿದ್ದು ಒಂದೇ ಮಾತು: ‘ಉಳಿದ ಐದು ಎಲ್ಲಿ ಹೋದ್ವೋ?’ ಹಿಂದೆ ಮಣ್ಣಿನ ದಿಬ್ಬ ಇತ್ತು, ಅಲ್ಲಿ ಹೋಗಿದ್ವು. ತೋಟದಲ್ಲಿ ಆ ದಿಬ್ಬ ಇಲ್ಲ.

ಅಲ್ಲಿಂದ ಡ್ರೈ ಪ್ರಾಕ್ಟೀಸ್ ಶುರು ಮಾಡಿದ್ರು. ಅಂದರೆ ಗುಂಡಿಲ್ಲದೆ ಅಭ್ಯಾಸ. ಇದಕ್ಕೂ ನಿಯಮ ಬರೆದಿದ್ದೀವಿ. ಗುಂಡು ಬೇರೆ ಕೋಣೆಯಲ್ಲಿ, ಬೀಗದೊಳಗೆ. ಸಿಲಿಂಡರ್ ತೆಗೆದು ಆರೂ ಕೋಣೆಗಳನ್ನ ಕಣ್ಣಿಂದಲೂ ಬೆರಳಿಂದಲೂ ನೋಡೋದು. ಡಮ್ಮಿ ಗುಂಡು ಹಾಕೋದು. ಹಿಂದೆ ಕಲ್ಲಿನ ಗೋಡೆ ಇರೋ ಕಡೆಗೇ ತಿರುಗಿಸೋದು. ನಳಿಕೆ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಅದು ಬೀಳದ ಹಾಗೆ ದಿನಕ್ಕೆ ಹತ್ತು ಸಲ ಟ್ರಿಗರ್ ಒತ್ತೋದು. ಮುಗಿದ ಮೇಲೆ ‘ಮುಗೀತು’ ಅಂತ ಜೋರಾಗಿ ಹೇಳಿ ಬೀಗ ಹಾಕೋದು. ‘ಇನ್ನೊಂದ್ಸಲ’ ಅನ್ನೋದು ಇಲ್ಲ, ಅಪಘಾತ ಆಗೋದು ಆ ಇನ್ನೊಂದ್ಸಲದಲ್ಲೇ. ನಾಲ್ಕು ತಿಂಗಳಲ್ಲಿ 7 ಇದ್ದದ್ದು 11 ಆಯ್ತು, ಆಮೇಲೆ ಎರಡು ಸಲ 12 ಬಂತು.

ನನ್ನ ಪ್ರಕಾರ ಆ ಡೈರಿಯಲ್ಲಿ ಮುಖ್ಯವಾದ ಸಾಲು ಕೊನೆಯದು. ದೊಡ್ಡಪ್ಪನೇ ತಮ್ಮ ಕೈಯಿಂದ ಬರೆದದ್ದು. ಸತತವಾಗಿ ಎರಡು ಸಲ ಫೇಲ್ ಆದರೆ, ಅಥವಾ ಒಂದೇ ಒಂದು ಸಲ ಸುರಕ್ಷತೆ ನಿಯಮ ತಪ್ಪಿದರೆ, ಗನ್ ಲೈಸೆನ್ಸ್ ಇರೋ ಡೀಲರ್ ಬಳಿ ಠೇವಣಿ. ವಾದ ಇಲ್ಲ.

ಅದನ್ನ ಚೆನ್ನಾಗಿ ಹೊಡೀತಿದ್ದಾಗಲೇ ಬರೆಸಿದ್ದು ಒಳ್ಳೇದಾಯ್ತು. ಯಾಕಂದರೆ ಕಳೆದ ಸಲ 9 ಬಂತು. ಕಣ್ಣಿನ ಪೊರೆ ಶುರುವಾಗಿದೆ, ಬಲಗೈ ಸ್ವಲ್ಪ ನಡುಗುತ್ತೆ. ‘ದೊಡ್ಡಪ್ಪ, ನಿಮಗೆ ವಯಸ್ಸಾಯ್ತು, ಕೊಟ್ಟುಬಿಡಿ’ ಅಂತ ನಾನು ಹೇಳಿದರೆ ಅವರು ಕೇಳ್ತಾರಾ? ಮನೆಯಲ್ಲಿ ಯಾರಿಗೂ ಹಾಗೆ ಹೇಳೋ ಧೈರ್ಯ ಇಲ್ಲ. ಹೇಳೋದೂ ಬೇಕಾಗಿಲ್ಲ, ಅವರ ಕೈಬರಹ ಹೇಳುತ್ತೆ. ಮುಂದಿನ ತಿಂಗಳು ಎರಡನೇ ಪರೀಕ್ಷೆ ಇದೆ. ಈಗಿನಿಂದಲೇ ಡೀಲರ್ ನಂಬರ್ ಡೈರಿಯ ಅದೇ ಪುಟದಲ್ಲಿ ಬರೆದಿಟ್ಟಿದ್ದಾರೆ. ಬಟವಾಡೆ ಈಗ ಫೋನ್‌ನಲ್ಲೇ ಆಗುತ್ತೆ ಅಂತ ಅವರೇ ಮೊನ್ನೆ ನಗ್ತಾ ಹೇಳಿದ್ರು.

ನಿಮ್ಮ ಮನೆಯಲ್ಲಿ ಅಪ್ಪಂದೋ ತಾತಂದೋ ಗನ್ ಇದ್ದರೆ, ಈ ವಾರ ಒಂದು ಕೆಲಸ ಮಾಡಿ. ಗನ್ ಮುಟ್ಟಬೇಡಿ. ಲೈಸೆನ್ಸ್ ನಿಮ್ಮ ಹೆಸರಲ್ಲಿಲ್ಲ. ಅವರ ಜೊತೆ ಕೂತು ಮೂರು ಪ್ರಶ್ನೆ ಕೇಳಿ: ಕೊನೆಗೆ ಹೊಡೆದದ್ದು ಯಾವಾಗ? ಎಷ್ಟಕ್ಕೆ ಎಷ್ಟು ಬಿತ್ತು? ಎಷ್ಟು ಬಂದರೆ ನೀವು ಇದನ್ನ ಕೊಟ್ಟುಬಿಡ್ತೀರ? ಮೂರನೆಯದಕ್ಕೆ ಉತ್ತರ ಬರೆಯೋಕೆ ಒಂದು ಪೆನ್ನು ತಗೊಂಡು ಹೋಗಿ. ಮುಂದಿನ ವಾರ ಸಿಗೋಣ.