ದೂರವಾಣಿ ಪುಸ್ತಕದಲ್ಲೊಬ್ಬ ಮಾಂತ್ರಿಕ

ಮಂತ್ರವಾದಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಒಂದೇ. ಊರಾಚೆಯ ಸ್ಮಶಾನ, ಅಮಾವಾಸ್ಯೆಯ ಕತ್ತಲು, ಹಣೆಯ ತುಂಬ ಕುಂಕುಮ, ಕೈಯಲ್ಲೊಂದು ನಿಂಬೆಹಣ್ಣು. ಅಂಥವನೊಬ್ಬ ದೊಡ್ಡ ಪಟ್ಟಣದ ನಡುವೆ ಕಚೇರಿ ತೆರೆದು, ಬಾಗಿಲ ಮೇಲೆ ತನ್ನ ಹೆಸರನ್ನೂ ಅದರ ಕೆಳಗೆ ‘ಮಾಂತ್ರಿಕ’ ಎಂಬ ಉದ್ಯೋಗವನ್ನೂ ಬರೆಸಿ, ದೂರವಾಣಿ ಪುಸ್ತಕದಲ್ಲಿ ಜಾಹೀರಾತು ಕೊಟ್ಟು, ಬಾಡಿಗೆ ಬಾಕಿ ಉಳಿಸಿಕೊಂಡು, ಗಿರಾಕಿಗಳ ದಾರಿ ಕಾಯುತ್ತ ಕುಳಿತರೆ ಹೇಗಿದ್ದೀತು? ಕಳೆದುಹೋದ ವಸ್ತುಗಳನ್ನು ಹುಡುಕಿಕೊಡಲಾಗುವುದು, ಆದರೆ ವಶೀಕರಣದ ಮದ್ದು ಮಾತ್ರ ಕೇಳಬೇಡಿ, ಎಂಬುದು ಆ ಜಾಹೀರಾತಿನ ಸಾರಾಂಶ. ಅಮೆರಿಕದ ಕಾದಂಬರಿಕಾರ ಜಿಮ್ ಬುಚರ್ ಅವರ ‘ಸ್ಟಾರ್ಮ್ ಫ್ರಂಟ್’ ಎಂಬ ಪತ್ತೇದಾರಿ ಕಾದಂಬರಿಯ ನಾಯಕ ಹ್ಯಾರಿ ಡ್ರೆಸ್ಡನ್ ಅಂಥವನು. ಊರು ಷಿಕಾಗೋ. ಪುಸ್ತಕ ಪ್ರಕಟವಾದದ್ದು 2000ದಲ್ಲಿ.

ಕನ್ನಡ ಪಂಡಿತನಾದ ನನಗೂ ಈ ಪುಸ್ತಕಕ್ಕೂ ನಂಟು ಹೇಗೆ ಬಂತೆಂದು ಹೇಳಬೇಕು. ಹತ್ತನೆಯ ತರಗತಿಯಲ್ಲಿ ಸಂಧಿಪ್ರಕರಣ ನಡೆಯುತ್ತಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ತೊಡೆಯ ಮೇಲೆ ಏನನ್ನೋ ಇಟ್ಟುಕೊಂಡು ಓದುತ್ತಿದ್ದ. ಹೋಗಿ ಕಿತ್ತುಕೊಂಡೆ. ಈ ಹುಡುಗ ಎರಡು ವರ್ಷದ ಹಿಂದೆ ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡು ಸಿಕ್ಕಿಬಿದ್ದವನು. ಅಂದಿನಿಂದ ತರಗತಿಯಲ್ಲಿ ಏನು ಕೆಟ್ಟರೂ ನನ್ನ ಕಣ್ಣು ಮೊದಲು ಹೋಗುತ್ತಿದ್ದುದು ಅವನ ಮೇಲೆಯೇ. ಗದರಿಸುವುದಕ್ಕೆ ನಾಲ್ಕು ಮಾತು ಸಿಕ್ಕೀತೆಂದು ಪುಸ್ತಕವನ್ನು ಮನೆಗೆ ತಂದೆ. ಪಕ್ಕದಲ್ಲಿ ನಿಘಂಟನ್ನಿಟ್ಟುಕೊಂಡು ಎರಡು ಪುಟ ನೋಡೋಣವೆಂದು ಕುಳಿತವನು, ರಾತ್ರಿ ಒಂದೂವರೆಗೆ ಮನೆಯಾಕೆ ದೀಪ ಆರಿಸುವವರೆಗೂ ಏಳಲಿಲ್ಲ.

ಕಥೆ ಹೀಗಿದೆ. ಒಂದು ಹೋಟೆಲಿನ ಕೋಣೆಯಲ್ಲಿ ಇಬ್ಬರು ಸತ್ತಿದ್ದಾರೆ. ಇಬ್ಬರ ಹೃದಯವೂ ಎದೆಯೊಡೆದು ಹೊರಗೆ ಸಿಡಿದಿದೆ. ಇದು ಮನುಷ್ಯರ ಆಯುಧದ ಕೆಲಸವಲ್ಲವೆಂದು ಪೊಲೀಸ್ ಅಧಿಕಾರಿಣಿ ಮರ್ಫಿ ಡ್ರೆಸ್ಡನ್‌ನನ್ನು ಕರೆಸುತ್ತಾಳೆ. ಅದೇ ದಿನ ಇನ್ನೊಬ್ಬ ಹೆಂಗಸು, ಮಂತ್ರತಂತ್ರದ ಗೀಳು ಹತ್ತಿದ ತನ್ನ ಗಂಡ ಕಾಣೆಯಾಗಿದ್ದಾನೆ, ಹುಡುಕಿಕೊಡಿ ಎಂದು ಬರುತ್ತಾಳೆ. ಎರಡು ಎಳೆಗಳೂ ಎಲ್ಲಿ ಸೇರುತ್ತವೆ, ಕೊಲೆಗಾರ ಯಾರು ಎಂಬುದನ್ನು ಹೇಳಿ ನಿಮ್ಮ ಓದಿನ ಸುಖವನ್ನು ನಾನು ಕೆಡಿಸುವುದಿಲ್ಲ.

ನಗರದ ನಿತ್ಯಜೀವನದ ನಡುವೆ ಅದ್ಭುತವನ್ನು ತಂದಿಡುವ ಇಂಥ ಕಥೆಗಳದು ಈಗ ಇಂಗ್ಲಿಷಿನಲ್ಲಿ ದೊಡ್ಡ ಪಂಗಡವೇ ಆಗಿದೆ. ಅಲಂಕಾರಶಾಸ್ತ್ರ ಓದಿದವರಿಗೆ ಗೊತ್ತು, ಅದ್ಭುತರಸಕ್ಕೆ ಸ್ಥಾಯಿ ವಿಸ್ಮಯ. ಆದರೆ ಪುಟಪುಟಕ್ಕೂ ಪವಾಡ ನಡೆದರೆ ವಿಸ್ಮಯ ಉಳಿಯುವುದಿಲ್ಲ. ಬುಚರ್ ಅವರು ಇದನ್ನು ಬಲ್ಲವರು. ಅವರ ಮಾಂತ್ರಿಕನಿಗೆ ಶಕ್ತಿಯೂ ಉಂಟು, ಅದರಿಂದ ಫಜೀತಿಯೂ ಉಂಟು. ಹೊಸ ಕಾಲದ ಯಂತ್ರಗಳು ಅವನ ಸಮೀಪದಲ್ಲಿ ಕೆಟ್ಟು ನಿಲ್ಲುತ್ತವೆ. ಮನೆಯಲ್ಲಿ ವಿದ್ಯುದ್ದೀಪವಿಲ್ಲ, ಮೇಣದ ಬತ್ತಿಯೇ ಗತಿ. ಇರುವುದೊಂದು ಹಳೆಯ ಫೋಕ್ಸ್‌ವ್ಯಾಗನ್ ಕಾರು. ಅದು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಅವನ ಮನೆಯಲ್ಲಿ ರೇಡಿಯೋ ಇಟ್ಟಿದ್ದರೆ ಈ ಭಾಷಣ ಮೊದಲ ವಾಕ್ಯಕ್ಕೇ ಮುಗಿಯುತ್ತಿತ್ತು! ಅವನಿಗೆ ಮಂತ್ರಶಾಸ್ತ್ರದ ವಿಷಯ ಹೇಳಿಕೊಡುವುದು ತಲೆಬುರುಡೆಯೊಂದರಲ್ಲಿ ವಾಸವಾಗಿರುವ ಒಂದು ವಾಚಾಳಿ ಚೇತನ. ಸುದ್ದಿ ತಂದುಕೊಡುವ ಪುಟ್ಟ ಯಕ್ಷನಿಗೆ ಪಿಜ್ಜಾ ಲಂಚ ಕೊಡಬೇಕು. ನಗಿಸುತ್ತ ನಗಿಸುತ್ತಲೇ ಲೇಖಕರು ನಮ್ಮನ್ನು ಕಥೆಯ ಮರ್ಮಕ್ಕೆ ಕರೆದೊಯ್ಯುತ್ತಾರೆ.

ಆ ಮರ್ಮ ಯಾವುದು? ಮಾಂತ್ರಿಕರಿಗೊಂದು ಸಭೆಯುಂಟು, ಶ್ವೇತಸಭೆ ಎನ್ನೋಣ. ಅದು ಮಾಡಿರುವ ಕಟ್ಟಳೆಗಳು 7. ಮೊದಲನೆಯದು, ಮಂತ್ರದಿಂದ ಮನುಷ್ಯನನ್ನು ಕೊಲ್ಲಕೂಡದು. ತಪ್ಪಿದವನಿಗೆ ಶಿರಚ್ಛೇದ. ಡ್ರೆಸ್ಡನ್ ಹುಡುಗನಾಗಿದ್ದಾಗ, ತನ್ನನ್ನು ಸಾಕಿ ವಿದ್ಯೆ ಕಲಿಸಿದ ಗುರುವೇ ತನ್ನ ಮೇಲೆ ಬಿದ್ದಾಗ, ಪ್ರಾಣ ಉಳಿಸಿಕೊಳ್ಳಲು ಮಂತ್ರದಿಂದ ಅವನನ್ನು ಕೊಂದಿದ್ದಾನೆ. ಆತ್ಮರಕ್ಷಣೆ ಎಂದು ಸಭೆ ತಲೆಯನ್ನೇನೋ ಉಳಿಸಿತು. ಆದರೆ ಇನ್ನೊಮ್ಮೆ ತಪ್ಪಿದರೆ ಕ್ಷಮೆಯಿಲ್ಲವೆಂಬ ತೀರ್ಪನ್ನು ಆ ತಲೆಯ ಮೇಲೆ ತೂಗಹಾಕಿತು. ಗ್ರೀಕರ ಕಥೆಯಲ್ಲಿ ಡೆಮೊಕ್ಲಿಸನ ತಲೆಯ ಮೇಲೆ ಕೂದಲೆಳೆಯಲ್ಲಿ ತೂಗಿದ ಕತ್ತಿಯ ಹೆಸರೇ ಈ ತೀರ್ಪಿಗೂ. ಮಾರ್ಗನ್ ಎಂಬ ಕಾವಲುಗಾರ ಕತ್ತಿ ಹಿಡಿದು ಹಗಲಿರುಳು ಅವನ ಬೆನ್ನು ಹತ್ತಿದ್ದಾನೆ. ಹೃದಯಗಳು ಸಿಡಿದ ಸುದ್ದಿ ಬಂದಾಗ ಮಾರ್ಗನ್‌ಗೆ ವಿಚಾರಣೆಯೇ ಬೇಕಾಗಿಲ್ಲ. ಒಮ್ಮೆ ಕೊಂದವನು ಮತ್ತೊಮ್ಮೆ ಕೊಂದಿದ್ದಾನೆ, ಅಷ್ಟೆ.

ಪತ್ತೇದಾರನ ಇಕ್ಕಟ್ಟನ್ನು ನೋಡಿ. ಕೊಲೆಯ ಮಂತ್ರ ಯಾವುದೆಂದು ಕಂಡುಹಿಡಿಯದೆ ಕೊಲೆಗಾರ ಸಿಕ್ಕುವುದಿಲ್ಲ. ಕಂಡುಹಿಡಿದರೆ, ಇವನಿಗೆ ಕೊಲ್ಲುವ ವಿದ್ಯೆ ತಿಳಿದಿದೆ ಎಂಬುದಕ್ಕೆ ಅದೇ ಸಾಕ್ಷಿಯಾಗುತ್ತದೆ. ಮರ್ಫಿಗೆ ಎಲ್ಲವನ್ನೂ ಹೇಳುವಂತಿಲ್ಲ. ಹೇಳದಿದ್ದರೆ ಅವಳಿಗೂ ಸಂಶಯ. ಕೊನೆಗೆ ಅವಳೇ ಅವನ ಕೈಗೆ ಬೇಡಿ ತೊಡಿಸುತ್ತಾಳೆ. ಓದುತ್ತಿದ್ದಾಗ ನನಗೆ ನಮ್ಮ ವಿಕ್ರಮನ ನೆನಪಾಯಿತು. ಹೆಗಲ ಮೇಲೆ ಹೆಣ, ಹೆಣದೊಳಗೆ ಬೇತಾಳ. ಉತ್ತರ ತಿಳಿದೂ ಸುಮ್ಮನಿದ್ದರೆ ತಲೆ ಸಿಡಿದು ಹೋಳಾದೀತು. ಬಾಯಿ ಬಿಟ್ಟರೆ ಬೇತಾಳ ಮತ್ತೆ ಮರಕ್ಕೆ. ಪತ್ತೇದಾರಿಯ ಕಷ್ಟ ಬಹಳ ಹಳೆಯದು.

ನಿಜವಾದ ಕೊಲೆಗಾರ ಹುಟ್ಟಾ ರಾಕ್ಷಸನೇನಲ್ಲ. ಸಾಮಾನ್ಯ ಮನುಷ್ಯ. ಕೈಗೆ ಶಕ್ತಿ ಬಂದಾಗ ಅವನಿಗೆ ಮೊದಲು ಹೆದರಬೇಕಾಗಿ ಬಂದದ್ದು ಅವನ ಮನೆಯವರೇ. ಬಿರುಗಾಳಿ ಮಳೆಯಿಂದ ಬಲವನ್ನು ಸೆಳೆದು ಅವನು ದೂರದಿಂದಲೇ ಕೊಲ್ಲುತ್ತಾನೆ. ಕಾದಂಬರಿಯ ಹೆಸರಿಗೆ ಕಾರಣ ಅದು. ಕಡೆಗೆ ಭಸ್ಮಾಸುರನಿಗೆ ಆದದ್ದೇ ಇವನಿಗೂ ಆಗುತ್ತದೆ. ಅದೇ ಬಿರುಗಾಳಿಯ ಬಲ ಡ್ರೆಸ್ಡನ್‌ನ ಕೈಗೂ ಎಟುಕುವಷ್ಟು ಹತ್ತಿರ ಬರುತ್ತದೆ. ಅವನು ಕೈಚಾಚುವುದಿಲ್ಲ. ಅವನ ದೊಡ್ಡತನ ಮಾಡಿದ್ದರಲ್ಲಿಲ್ಲ, ಮಾಡದೆ ಬಿಟ್ಟದ್ದರಲ್ಲಿದೆ.

ಆದರೆ ನನ್ನನ್ನು ತಟ್ಟಿದ ಪಾತ್ರ ಡ್ರೆಸ್ಡನ್ ಅಲ್ಲ, ಮಾರ್ಗನ್. ಅವನು ದುಷ್ಟನಲ್ಲ. ನಿಷ್ಠಾವಂತ, ಕಟ್ಟಳೆಗಾಗಿ ಪ್ರಾಣ ಕೊಡಬಲ್ಲವನು. ಹಾಗಿದ್ದೂ ಎದುರಿಗಿರುವ ಮನುಷ್ಯ ಅವನಿಗೆ ಕಾಣುವುದಿಲ್ಲ, ಅವನ ಹಳೆಯ ತಪ್ಪು ಮಾತ್ರ ಕಾಣುತ್ತದೆ. ಕೊನೆಯಲ್ಲಿ ಉರಿಯುವ ಮನೆಯಿಂದ ಡ್ರೆಸ್ಡನ್‌ನನ್ನು ಉಳಿಸುವವನೂ, ಕಣ್ಣಾರೆ ಕಂಡದ್ದನ್ನು ಕಂಡಹಾಗೆ ಸಭೆಗೆ ಹೇಳುವವನೂ ಅದೇ ಮಾರ್ಗನ್. ತೂಗುಕತ್ತಿ ಇಳಿಯುತ್ತದೆ. ದ್ವೇಷ ಪೂರ್ತಿ ಹೋಗದಿದ್ದರೂ ಸತ್ಯ ಹೇಳಿದನಲ್ಲ, ಅದು ದೊಡ್ಡದು.

ದೋಷಗಳಿಲ್ಲವೆಂದಲ್ಲ. ಹೊಡೆದಾಟ ಅತಿಯಾಯಿತು. ಹೆಂಗಸರ ವರ್ಣನೆಯಲ್ಲಿ ಲೇಖನಿ ಅಲ್ಲಲ್ಲಿ ಸಂಯಮ ತಪ್ಪುತ್ತದೆ. ಎಳೆಯ ಮಕ್ಕಳ ಕೈಗೆ ಕೊಡುವಂಥದಲ್ಲ. ಆದರೆ ಪುಸ್ತಕ ಹುಟ್ಟಿದ ಕಥೆ ಉಪಾಧ್ಯಾಯರಿಗೆ ರುಚಿಸೀತು. ಬುಚರ್ ಅವರು ಒಕ್ಲಹೋಮ ವಿಶ್ವವಿದ್ಯಾನಿಲಯದಲ್ಲಿ ಡೆಬೊರಾ ಚೆಸ್ಟರ್ ಎಂಬ ಲೇಖಕಿಯ ಬಳಿ ಬರೆವಣಿಗೆ ಕಲಿಯುತ್ತಿದ್ದರು. ಗುರುವಿನ ಮಾತಿನಂತೆ ಬರೆದರೆ ಬರಹ ಎಷ್ಟು ಕೆಡುತ್ತದೆಂದು ತೋರಿಸಲೆಂದೇ ಒಮ್ಮೆ ಅವರು ಹೇಳಿದಂತೆಲ್ಲ ಬರೆದರಂತೆ. ಬಂದದ್ದು ಈ ಕಾದಂಬರಿ! 2020ರ ಹೊತ್ತಿಗೆ ಇದರ ಮಾಲೆಯಲ್ಲಿ 17 ಕಾದಂಬರಿಗಳಾಗಿದ್ದವು.

ಇನ್ನು ನನ್ನ ಮಾತು. ಆ ಪುಸ್ತಕ ಕಿತ್ತುಕೊಳ್ಳುವುದಕ್ಕೆ ಒಂದು ತಿಂಗಳ ಮೊದಲು ತರಗತಿಯ ಪ್ರವಾಸದ ಹಣ ಕಾಣೆಯಾಗಿತ್ತು. ನಾನು ಆ ಹುಡುಗನನ್ನೇ ಎಬ್ಬಿಸಿ ನಿಲ್ಲಿಸಿ, ಎಲ್ಲರ ಎದುರಿಗೆ ಚೀಲ ಬರಿದುಮಾಡಿಸಿದೆ. ಹಣ ಸಂಜೆ ನನ್ನ ಹಾಜರಿ ಪುಸ್ತಕದ ಹೊದಿಕೆಯಲ್ಲೇ ಸಿಕ್ಕಿತು. ಸಿಕ್ಕಿತೆಂದು ಮರುದಿನ ಹೇಳಿದೆನೇ ಹೊರತು ಎಲ್ಲಿ ಸಿಕ್ಕಿತೆಂದು ಹೇಳಲಿಲ್ಲ. ಮಾರ್ಗನ್ ಹೇಳಿದಷ್ಟನ್ನೂ ನಾನು ಹೇಳಿರಲಿಲ್ಲ.

ಪುಸ್ತಕ ಹಿಂದಿರುಗಿಸಿದ ದಿನ, ತರಗತಿಯ ಎದುರಿನಲ್ಲೇ ಅದನ್ನು ಹೇಳಿದೆ. ಐವತ್ತು ದಾಟಿದವನಿಗೆ ಅದು ಸುಲಭವಾಗಿರಲಿಲ್ಲ. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಗಂಟೆ ಹೊಡೆದ ಮೇಲೆ ಬಾಗಿಲ ಬಳಿ ಬಂದು, ಮೆಲ್ಲನೆ ಕೇಳಿದ: “ಸಾರ್, ಎರಡನೇ ಭಾಗ ನನ್ನ ಹತ್ತಿರ ಇದೆ. ನಾಳೆ ತರಲಾ?”

ತಾ ಎಂದೆ. ಆದರೆ ಸಂಧಿಪ್ರಕರಣ ಮುಗಿದ ಮೇಲೆ.